ಒಂದೇ ಸಲ ಮ್ಯಾಗ್ನೆಟ್ ಇಟ್ಟರೆ ಕುಡಿತ ಬಿಡುವುದಿಲ್ಲ

ಕೋಲಾರದ ಟೊಮೆಟೊ ಮಂಡಿಯ ಗೆಳೆಯರೊಬ್ಬರು ಒಂದು ವಾಟ್ಸ್ಆ್ಯಪ್ ಸಂದೇಶ ತೋರಿಸಿದರು. "ತಲೆಗೆ ಒಂದು ಸಲ ಮ್ಯಾಗ್ನೆಟ್ ಇಟ್ಟರೆ ಸಾಕು, ಕುಡಿತ, ಗಾಂಜಾ ಎಲ್ಲ ಬಿಟ್ಟುಹೋಗುತ್ತೆ, ಮಾತ್ರೆ ಬೇಡ" ಅಂತ ಅದರಲ್ಲಿತ್ತು. ತಮ್ಮನಿಗೆ ಕೊಡಿಸೋಣ ಎಂದು ಅವರು ದುಡ್ಡು ಹೊಂದಿಸುತ್ತಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಚಿಕಿತ್ಸೆ ಸುಳ್ಳಲ್ಲ. ಅದರ ಹೆಸರು ಟಿಎಂಎಸ್. ತಲೆಯ ಮೇಲೆ ಒಂದು ಸುರುಳಿ ಇಡುತ್ತಾರೆ. ಅದರ ಕಾಂತದ ಮಿಡಿತ ಬುರುಡೆ ದಾಟಿ ಮೆದುಳಿನ ಒಂದು ಭಾಗವನ್ನು ಚುರುಕು ಮಾಡುತ್ತದೆ. ಕೊಯ್ಯುವುದಿಲ್ಲ, ಪ್ರಜ್ಞೆ ತಪ್ಪಿಸುವುದಿಲ್ಲ. ಇದು ಶಾಕ್ ಟ್ರೀಟ್‌ಮೆಂಟ್ ಅಲ್ಲ.

ಆದರೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಒಪ್ಪಿಗೆ ಕೊಟ್ಟದ್ದು ಸಿಗರೇಟು ಬಿಡಿಸುವುದಕ್ಕೆ. ಕುಡಿತಕ್ಕೂ ಅಲ್ಲ, ಗಾಂಜಾಕ್ಕೂ ಅಲ್ಲ. ಅವುಗಳ ಮೇಲೆ ಅಧ್ಯಯನ ಇನ್ನೂ ನಡೆಯುತ್ತಿದೆ. ಸಿಗರೇಟಿಗೂ ಒಂದು ಸಲ ಸಾಲಲಿಲ್ಲ. ಅದರ ಅಧ್ಯಯನದಲ್ಲಿ ಆರು ವಾರದಲ್ಲಿ 18 ಸಲ ಕೊಟ್ಟರು. ಪೂರ್ತಿ ಮುಗಿಸಿದವರಲ್ಲಿ ಸತತ ನಾಲ್ಕು ವಾರ ಸೇದದೆ ಇದ್ದವರು ನೂರಕ್ಕೆ 28 ಮಂದಿ. ಯಂತ್ರ ಇಟ್ಟಂತೆ ಮಾಡಿ ಸುಮ್ನೆ ಕೂರಿಸಿದವರಲ್ಲಿ ಸುಮಾರು 12. ವ್ಯತ್ಯಾಸ ಇದೆ, ಆದರೆ ಜಾಸ್ತಿ ಜನ ಬಿಡಲಿಲ್ಲ ಅಲ್ವಾ?

ನನಗೆ ನಿಜವಾಗಿ ಭಯ ಹುಟ್ಟಿಸಿದ್ದು "ಮಾತ್ರೆ ಬೇಡ" ಅನ್ನುವ ಮಾತು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಗುತ್ತದೆ, ಫಿಟ್ಸ್ ಬರಬಹುದು, ಜೀವವೇ ಹೋಗಬಹುದು. ಆ ದಿನಗಳಲ್ಲಿ ಡಾಕ್ಟರ ಮಾತ್ರೆಯೇ ಕಾಪಾಡುವುದು. ತಲೆಯೊಳಗೆ ಲೋಹದ ಕ್ಲಿಪ್ ಇರುವವರು, ಫಿಟ್ಸ್ ಬಂದಿದ್ದವರು ಟಿಎಂಎಸ್‌ಗೆ ಮೊದಲು ಅದನ್ನು ಹೇಳಲೇಬೇಕು.

ದುಡ್ಡು ಕಟ್ಟುವ ಮೊದಲು 14446ಕ್ಕೆ ಫೋನ್ ಮಾಡಿ. ಅದು ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದಕ್ಕೇ ಬೇರೆ ವಿಭಾಗ ಇದೆ.