ಕಾರ್ಡಿನ ಬಿಸಿ ಎಲ್ಲಿಗೆ ಹೋಯಿತು?

ಕಂಪ್ಯೂಟರಿನಲ್ಲಿ ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಬೇರೆ ಕೂಲರ್ (ಅದರ ಬಿಸಿ ಹೊರಹಾಕುವ ಸಾಧನ) ಹಾಕಿಸಿಕೊಳ್ಳಿ ಎಂದು ಉಪದೇಶ ಮಾಡುವ ವಿಡಿಯೊಗಳಲ್ಲಿ ಒಂದು ಸಂಗತಿಯನ್ನು ಯಾರೂ ಒತ್ತಿ ಹೇಳುವುದಿಲ್ಲ: ಅವರ ಕೋಣೆಯಲ್ಲಿ ಎ.ಸಿ. ಓಡುತ್ತಿರುತ್ತದೆ. ಫ್ಯಾನಿನ ಗಾಳಿಯನ್ನು ನಂಬಿದ ಯಾವ ಕೂಲರೂ ಕಾರ್ಡಿನ ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು; ಕೋಣೆಗಿಂತ ಎಷ್ಟು ಡಿಗ್ರಿ ಮೇಲೆ ತಡೆದು ನಿಲ್ಲಿಸುತ್ತದೆ ಎಂಬುದಷ್ಟೇ ಅದರ ಯೋಗ್ಯತೆ. ಅಲ್ಲಿ 25 ಡಿಗ್ರಿಯ ಕೋಣೆಯಲ್ಲಿ ಅಳೆದ ಲೆಕ್ಕವನ್ನು ಏಪ್ರಿಲ್ ತಿಂಗಳ ದಾವಣಗೆರೆಗೆ, ಇಡೀ ದಿನ ಬಿಸಿಲು ಕುಡಿದ ಆರ್‌ಸಿಸಿ ತಾರಸಿಯ ಕೆಳಗೆ 36 ಡಿಗ್ರಿ ಇರುವ ನನ್ನ ಕೋಣೆಗೆ ತಂದರೆ, ಕೂಲರ್ ಏನೂ ತಪ್ಪು ಮಾಡದೆಯೇ 11 ಡಿಗ್ರಿ ಸೇರಿಹೋಗುತ್ತದೆ.

ನನ್ನ ಕಾರ್ಡು 2016ರಲ್ಲಿ ಮಾರುಕಟ್ಟೆಗೆ ಬಂದ ಜಿಟಿಎಕ್ಸ್ 1070. 8 ಜಿಬಿ ಮೆಮೊರಿ, 150 ವ್ಯಾಟ್ ಆಹಾರ. ಬಾಗಿಲು ಹಾಕಿದ ಗೇಮಿಂಗ್ ಸೆಂಟರೊಂದರಿಂದ ಸೆಕೆಂಡ್ ಹ್ಯಾಂಡ್ ಆಗಿ ಬಂದದ್ದು. ಒಂದೇ ಫ್ಯಾನು ಗಾಳಿಯನ್ನು ಒಳಗೆಳೆದು ಹಿಂಬದಿಯ ಕಿಂಡಿಯಿಂದ ಹೊರಗೆ ತಳ್ಳುವ ಬ್ಲೋಯರ್ ಮಾದರಿ ಅದು. 83 ಡಿಗ್ರಿ ಮುಟ್ಟಿದರೆ ತನ್ನ ಜೀವ ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುವ ಬುದ್ಧಿಯೂ ಅದಕ್ಕಿದೆ. ಆ ಸೆಂಟರು ಮಂಡಕ್ಕಿ ಭಟ್ಟಿಗಳ ಕಡೆಯಲ್ಲಿತ್ತಂತೆ. ಕಾರ್ಡಿನ ಲೋಹದ ರೆಕ್ಕೆಗಳ ನಡುವೆ ಕೂತಿದ್ದ ಮಸಿ ಅದನ್ನು ಸಾಕ್ಷಿಸಮೇತ ಹೇಳುತ್ತಿತ್ತು. ಆಟ ಶುರುವಾದರೆ ಫ್ಯಾನಿನ ಸದ್ದು ಗೋಡೆ ದಾಟಿ ಹೋಗುತ್ತಿತ್ತು. ಪಕ್ಕದ ಮನೆಯ ಅಜ್ಜಿ ಒಂದು ದಿನ ಜೋಳದ ಡಬ್ಬಿ ಹಿಡಿದು ಬಂದು, "ಗಿರಣಿ ಹಾಕೀರಂತಲ್ಲ, ಕೆ.ಜಿ.ಗೆ ಎಷ್ಟು ತಗೋತೀರಿ?" ಎಂದು ಕೇಳಿದ ಮೇಲೆ ಕೂಲರ್ ತರಿಸುವುದು ಅನಿವಾರ್ಯವಾಯಿತು.

ಪಾರ್ಸೆಲ್ ಬಿಚ್ಚಿದಾಗ ಹೊರಬಂದದ್ದು ಕಾರ್ಡಿಗಿಂತ ದೊಡ್ಡ ಲೋಹದ ಗಡ್ಡೆ: ತಾಮ್ರದ ಹೀಟ್ ಪೈಪುಗಳು, ಅವಕ್ಕೆ ಪೋಣಿಸಿದ ಅಲ್ಯೂಮಿನಿಯಂ ರೆಕ್ಕೆಗಳು, 120 ಮಿ.ಮೀ.ನ ಎರಡು ಫ್ಯಾನು. ಹೀಟ್ ಪೈಪಿನೊಳಗೆ ಕಡಿಮೆ ಒತ್ತಡದಲ್ಲಿ ಒಂದಿಷ್ಟು ನೀರಿರುತ್ತದೆ, ಅದು ಬಿಸಿಯ ತುದಿಯಲ್ಲಿ ಆವಿಯಾಗಿ ತಣ್ಣನೆಯ ತುದಿಯಲ್ಲಿ ಮತ್ತೆ ನೀರಾಗಿ ಹಿಂದಿರುಗುತ್ತದೆ ಎಂದು ಅಪ್ಪನಿಗೆ ವಿವರಿಸಿದೆ. ಹತ್ತಿ ಗಿರಣಿಯಲ್ಲಿ ಫಿಟ್ಟರಾಗಿ ನಿವೃತ್ತರಾದ ಅವರಿಗೆ ಯಂತ್ರವೆಂದರೆ ಎಣ್ಣೆ ಕೇಳಬೇಕು, ಇಲ್ಲವೇ ಸ್ಪ್ಯಾನರ್ ಕೇಳಬೇಕು. ಇದು ಎರಡನ್ನೂ ಕೇಳುವುದಿಲ್ಲವೆಂದು ತಿಳಿದು ಅವರಿಗೆ ಮೊದಲು ಅನುಮಾನ, ಆಮೇಲೆ ವಿಪರೀತ ಆಸಕ್ತಿ ಹುಟ್ಟಿತು.

ಚಿಪ್ಪಿಗೂ ಕೂಲರಿಗೂ ನಡುವೆ ಮೆತ್ತಿದ್ದ ಹಳೆಯ ಪೇಸ್ಟನ್ನು ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕಿತ್ತು. ಎರಡೆರಡು ಮೆಡಿಕಲ್ ಕಾಲೇಜುಗಳಿರುವ ಊರಿನಲ್ಲಿ ಅದಕ್ಕೇನು ಬರ ಎಂದುಕೊಂಡರೆ, ಅಂಗಡಿಯವರು ಸ್ಯಾನಿಟೈಸರ್ ಕೊಟ್ಟರು, ಬೇಡವೆಂದರೆ ಸ್ಪಿರಿಟ್ ಕೊಟ್ಟರು, ಅದೂ ಬೇಡವೆಂದಾಗ, "ಪೇಶೆಂಟ್ ಯಾರು, ವಯಸ್ಸೆಷ್ಟು?" ಎಂದು ಕೇಳಿದರು. 2016ರಲ್ಲಿ ಹುಟ್ಟಿದ್ದು, ಮೈಯೆಲ್ಲ ಬಿಸಿ, ವಿಪರೀತ ಸದ್ದು ಮಾಡುತ್ತದೆ ಎಂದೆ. ಮಕ್ಕಳ ಡಾಕ್ಟರಿಗೆ ತೋರಿಸಿ ಎಂದರು.

ಹೊಸ ಪೇಸ್ಟು ಹಾಕುವಾಗ ಮನೆಯಲ್ಲಿ ಸಣ್ಣ ಸಭೆಯೇ ನಡೆಯಿತು. ಕೈಪಿಡಿಯಲ್ಲಿ ಬಟಾಣಿಯಷ್ಟು ಎಂದಿತ್ತು. ಅವ್ವ, ಹಸಿ ಬಟಾಣಿಯೋ ಒಣ ಬಟಾಣಿಯೋ ಎಂದು ಕೇಳಿದಳು. ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ಯಾವ ತಜ್ಞರೂ ಎತ್ತಿದ್ದನ್ನು ನಾನು ಕಂಡಿಲ್ಲ. ಪೇಸ್ಟಿನ ಕೆಲಸವಾದರೂ ಇಷ್ಟೇ: ಚಿಪ್ಪಿನ ಮೈ, ಕೂಲರಿನ ಮೈ ಎರಡೂ ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ ನಡುವೆ ಸೂಕ್ಷ್ಮವಾದ ಹಳ್ಳಗಳಿರುತ್ತವೆ, ಅಲ್ಲಿ ಗಾಳಿ ನಿಲ್ಲುತ್ತದೆ. ಶಾಖ ಸಾಗಿಸುವುದರಲ್ಲಿ ತಾಮ್ರಕ್ಕೆ ಸುಮಾರು 400 ಅಂಕ ಕೊಟ್ಟರೆ ಗಾಳಿಗೆ ಸಿಗುವುದು 0.026. ಇಂಥ ಸೋಮಾರಿಯನ್ನು ಹೊರಗಟ್ಟಲು ಪೇಸ್ಟು. ಗ್ರಾಫಿಕ್ಸ್ ಚಿಪ್ಪಿಗೆ ಸಾಮಾನ್ಯವಾಗಿ ಪ್ರೊಸೆಸರಿನ ಹಾಗೆ ಮೇಲೊಂದು ಲೋಹದ ಮುಚ್ಚಳವೂ ಇರುವುದಿಲ್ಲ, ಬರಿಮೈ ಸಿಲಿಕಾನ್. ಒಂದು ಮೂಲೆಯನ್ನು ಮೊದಲೇ ಬಿಗಿದರೆ ಇನ್ನೊಂದು ಅಂಚು ಚಕ್ಕೆ ಏಳಬಹುದು. ಇಲ್ಲಿ ಅಪ್ಪ ನನ್ನ ಕೈಯಿಂದ ಸ್ಕ್ರೂಡ್ರೈವರ್ ಕಸಿದುಕೊಂಡು, ನಾಲ್ಕೂ ಸ್ಕ್ರೂಗಳನ್ನು ಎದುರುಬದುರು ಮೂಲೆಗಳ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಗಿರಣಿಯಲ್ಲಿ ಮುಗಿಸಿ ಬಂದ ನೌಕರಿಗೆ ಮರಳಿ ಹಾಜರಾದರು.

ಅಷ್ಟರಲ್ಲಿ ಕರೆಂಟು ಹೋಯಿತು, ಸೋದರಮಾವ ಬಂದರು. ದಾವಣಗೆರೆಯಲ್ಲಿ ಮನೆಗೆ ಬಂದವರಿಗೆ ಮಂಡಕ್ಕಿ ಕೊಡುವುದಕ್ಕೆ ಬೆಳಕಿನ ಅಗತ್ಯವಿಲ್ಲ. ಉಳಿದ ಪುಟ್ಟ ಸ್ಕ್ರೂಗಳನ್ನೆಲ್ಲ ಒಂದು ಸ್ಟೀಲ್ ತಟ್ಟೆಯಲ್ಲಿ ಜೋಪಾನವಾಗಿ ಇಟ್ಟಿದ್ದೆ. ಅವ್ವನ ಕೈಗೆ ಸಿಕ್ಕಿದ್ದೂ ಅದೇ ತಟ್ಟೆ. ಒಗ್ಗರಣೆ ಮಂಡಕ್ಕಿ ಅದರ ಮೇಲೆ ಬಿತ್ತು, ಪಕ್ಕಕ್ಕೆ ಮಿರ್ಚಿ ಕೂತಿತು, ಮಾವ ಕತ್ತಲಲ್ಲೇ ತಿನ್ನತೊಡಗಿದರು. "ಅಕ್ಕಾ, ಶೇಂಗಾ ಸ್ವಲ್ಪ ಹೆಚ್ಚೇ ಹುರಿದೀಯ" ಎಂಬ ಅವರ ಮಾತು ಕೇಳಿದ ಮೇಲೆಯೇ ನನಗೆ ವಿಷಯ ಹೊಳೆದದ್ದು. ಅಪ್ಪ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ತಂದು ಮಂಡಕ್ಕಿಯ ಮೇಲೆ ಶಾಂತವಾಗಿ ಆಡಿಸಿದರು. ಅರಿಶಿನ ಮೆತ್ತಿಕೊಂಡ ಸ್ಕ್ರೂಗಳು ಒಂದೊಂದಾಗಿ ಮೇಲೆದ್ದು ಬಂದವು. ಒಂದು ಮಾತ್ರ ಸಿಗಲಿಲ್ಲ. ಅಯಸ್ಕಾಂತವನ್ನು ಮಾವನ ಹೊಟ್ಟೆಯ ಹತ್ತಿರ ಹಿಡಿಯುವ ಯೋಚನೆ ಅಪ್ಪನಿಗೆ ಬಂದಿತ್ತೆಂದು ಅವರ ಮುಖವೇ ಹೇಳುತ್ತಿತ್ತು, ಆದರೆ ಸಂಬಂಧ ಸೂಕ್ಷ್ಮ.

ಕಾರ್ಡಿನ ಎಂಟು ಮೆಮೊರಿ ಚಿಪ್‌ಗಳಿಗೆ ಎಂಟು ಪುಟ್ಟ ಹೀಟ್ ಸಿಂಕುಗಳನ್ನು, ಅಂದರೆ ಬಿಸಿ ಹೀರುವ ಲೋಹದ ತುಂಡುಗಳನ್ನು, ಅಂಟಿಸಬೇಕು. ನಿಂತ ಕಂಪ್ಯೂಟರ್ ಕ್ಯಾಬಿನೆಟ್ಟಿನಲ್ಲಿ ಕಾರ್ಡಿನ ಮುಖ ನೆಲದ ಕಡೆಗಿರುವುದರಿಂದ ಅವು ತಲೆಕೆಳಗಾಗಿ ತೂಗುತ್ತವೆ, ಮತ್ತು ನಡುರಾತ್ರಿಯನ್ನೇ ಆರಿಸಿಕೊಂಡು ಬೀಳುತ್ತವೆ. ಅವನ್ನು ಮತ್ತೆ ಅಂಟಿಸಿ ಮೇಲೆ ತೂಕದ ಕಲ್ಲಿಟ್ಟು ರಾತ್ರಿಯಿಡೀ ಬಿಟ್ಟದ್ದಾಯಿತು. ಕೂಲರಿನ ಭಾರಕ್ಕೆ ಬಾಗಿದ ಕಾರ್ಡಿನ ತುದಿಗೆ ಅಪ್ಪ ಗಿರಣಿಯ ಕಾಲದ ಮರದ ಕಂಡಿಕೆಯೊಂದನ್ನು ಅಳತೆಗೆ ಕೊಯ್ದು ಊರೆ ಕೊಟ್ಟರು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನ ನೂಲುವ ಉದ್ಯಮದಲ್ಲಿ ನಮ್ಮ ಮನೆಗೆ ಉಳಿದ ಪಾಲು ಈಗ ಕಂಪ್ಯೂಟರಿನೊಳಗಿದೆ. ಇಷ್ಟಾಗಿಯೂ ಕ್ಯಾಬಿನೆಟ್ಟಿನ ಬಾಗಿಲು ಹಾಕಲು ಬರಲಿಲ್ಲ. ಆ ಬಾಗಿಲನ್ನು ಅವ್ವ ತಾರಸಿಗೆ ಒಯ್ದು ಸಂಡಿಗೆ ಒಣಗಿಸುತ್ತಾಳೆ.

ಫಲಿತಾಂಶವೇನೋ ಉತ್ತಮ. ಅದೇ 36 ಡಿಗ್ರಿಯ ಕೋಣೆಯಲ್ಲಿ, ಅದೇ ಆಟದಲ್ಲಿ ಕಾರ್ಡು 68ರಲ್ಲಿ ನಿಂತಿತು, ಸದ್ದೂ ಅಡಗಿತು. ನಾನು ಪರದೆ ತೋರಿಸಿ ಬೀಗುತ್ತಿದ್ದಾಗ ಅಪ್ಪ ಒಂದೇ ಪ್ರಶ್ನೆ ಕೇಳಿದರು: "ಸರಿ, ಆ ಬಿಸಿ ಎಲ್ಲಿಗೆ ಹೋಯ್ತು?" ಹೋಗುವುದೆಲ್ಲಿಗೆ? 150 ವ್ಯಾಟು ಒಳಗೆ ಹೋದರೆ 150 ವ್ಯಾಟಿನ ಶಾಖ ಹೊರಗೆ ಬರಲೇಬೇಕು. ಹಳೆಯ ಬ್ಲೋಯರ್ ಅದನ್ನು ಹಿಂಬದಿಯ ಕಿಂಡಿಯಿಂದ ಗೋಡೆಯ ಕಡೆಗೆ ಊದುತ್ತಿತ್ತು. ಹೊಸದು ತೆರೆದ ಪಕ್ಕದಿಂದ ನೇರವಾಗಿ ನನ್ನ ಮೊಣಕಾಲಿಗೆ ಕಳಿಸುತ್ತದೆ. ಕಾರ್ಡು ತಣ್ಣಗಿದೆ, ನಾನು ಬೆವರುತ್ತಿದ್ದೇನೆ.

ಮಳೆಗಾಲ ಹಿಡಿದ ಮೇಲೆ ಇದರ ಉಪಯೋಗವನ್ನು ಮೊದಲು ಕಂಡುಕೊಂಡವಳು ಅವ್ವ. ಓದೋದು ಬಿಟ್ಟು ಆಟ ಆಡ್ತಾನೆ ಎಂದು ವರ್ಷಗಟ್ಟಲೆ ಬೈದವಳು ಈಗ ಸಂಜೆಯಾಗುತ್ತಿದ್ದಂತೆ ಅಗಲವಾದ ತಟ್ಟೆಯನ್ನು ಕ್ಯಾಬಿನೆಟ್ಟಿನ ಪಕ್ಕಕ್ಕಿಟ್ಟು, "ಇವತ್ತು ಆಟ ಆಡಲ್ವೇನೋ? ಮಂಡಕ್ಕಿ ಮೆತ್ತಗಾಗೈತೆ" ಎನ್ನುತ್ತಾಳೆ.