ಹದಿಹರೆಯದ ಪ್ರೀತಿ ಮತ್ತು ನಮ್ಮ ಬಿಗಿ

ಹೈಸ್ಕೂಲು, ಪಿಯುಸಿ ಓದುವ ಮಕ್ಕಳು ಯಾರನ್ನೋ ಇಷ್ಟಪಟ್ಟು ಓಡಾಡತೊಡಗಿದರೆ ತಂದೆತಾಯಿ ಎಷ್ಟು ಬಿಗಿಯಾಗಿರಬೇಕು ಎಂಬ ಚರ್ಚೆ ನಮ್ಮ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಜೋರಾಗಿ ನಡೆಯಿತು. ಮೈಸೂರಿನಲ್ಲಿ ದ್ವಿತೀಯ ಪಿಯುಸಿ ಓದುವ ಮಗನೂ ಒಂಬತ್ತನೇ ತರಗತಿಯ ಮಗಳೂ ಇರುವ ನನಗೆ ಇದು ದೂರದ ವಿಷಯವಲ್ಲವಾದ್ದರಿಂದ, ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಿಗಿ ಬೇಕು ಎನ್ನುವವರ ಪಕ್ಷವೇ ನನ್ನದು. ಆದರೆ ಮಗುವನ್ನು ಕಾಯುತ್ತಿದ್ದೇವೆಂದು ಹೇಳಿಕೊಂಡು ನಾವು ಬಹಳ ಸಲ ಕಾಯುವುದು ಮನೆಯ ಮರ್ಯಾದೆಯನ್ನು, ಅದಕ್ಕಿಂತ ಹೆಚ್ಚಾಗಿ ಜಾತಿಯನ್ನು ಎಂಬುದು ನನ್ನ ತಕರಾರು.

ಮೊದಲು ಗಂಡುಮಕ್ಕಳ ವಿಚಾರ. ಮದ್ದೂರಿನ ಕಡೆ ಒಂದು ಬೀಗರ ಊಟದಲ್ಲಿ ಪಕ್ಕದ ಎಲೆಗೆ ಕುಳಿತಿದ್ದ ಸಂಬಂಧಿಯೊಬ್ಬರು, ತಮ್ಮ ಅಣ್ಣನ ಮಗಳು ಯಾವ ಬಸ್ಸಿಗೆ ಮಂಡ್ಯಕ್ಕೆ ಹೋಗುತ್ತಾಳೆ, ಯಾವ ಬಸ್ಸಿಗೆ ಹಿಂದಿರುಗುತ್ತಾಳೆ, ನಿಲ್ದಾಣದಲ್ಲಿ ಯಾರೊಂದಿಗೆ ನಿಂತು ಮಾತನಾಡುತ್ತಾಳೆ ಎಂಬುದನ್ನೆಲ್ಲ ವರದಿ ಒಪ್ಪಿಸುವವರ ಹಾಗೆ ಹೇಳುತ್ತಾ ಹೋದರು. ನಿಮ್ಮ ಮಗ ಎಲ್ಲಿ ಎಂದು ಕೇಳಿದೆ. "ಅವ್ನು ಗಂಡ್ ಹೈದ ಕಣಣ್ಣ, ಎಲ್ಲೋ ಗಾಡಿ ಎತ್ಕಂಡ್ ಹೋಗವ್ನೆ, ಅವ್ನ್ಗೇನಾಯ್ತದೆ ಬುಡು" ಎಂದು ಮುದ್ದೆ ಮುರಿದರು. ಆ ಹೈದನಿಗೆ ಹದಿನೇಳು ವರ್ಷ. ಬೈಕಿನ ವಿಷಯವನ್ನೇ ತೆಗೆದುಕೊಂಡರೂ, ಅಪ್ರಾಪ್ತ ವಯಸ್ಸಿನವನು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಪೋಷಕರಿಗೆ 25,000 ರೂಪಾಯಿ ದಂಡವೂ ಮೂರು ವರ್ಷದವರೆಗಿನ ಸೆರೆಯೂ ಆಗಬಹುದು. ಇನ್ನು, ಅವನ ಗಾಡಿಯ ಹಿಂದೆ ಕೂರುವ ಹುಡುಗಿಯೂ ಯಾರದೋ ಮನೆಯ ಮಗಳೇ ಎಂಬ ಯೋಚನೆ ಆ ಊಟದ ಪಂಕ್ತಿಯಲ್ಲಿ ಯಾರಿಗೂ ಬಂದಂತೆ ಕಾಣಲಿಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ನಮ್ಮ ಕಡೆ ಸಿದ್ಧವಿರುವ ಶಿಕ್ಷೆ ಒಂದೇ: ಕಾಲೇಜು ಬಿಡಿಸಿ ಗಂಡು ಹುಡುಕುವುದು. ಹದಿನೆಂಟು ತುಂಬದ ಹುಡುಗಿಯ ಮದುವೆ ಅಪರಾಧ ಮಾತ್ರವಲ್ಲ, ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಅಂಥ ಮದುವೆಗೆ ಕಾನೂನಿನಲ್ಲಿ ಅಸ್ತಿತ್ವವೇ ಇಲ್ಲ. ಹುಡುಗ ಬೇರೆ ಜಾತಿಯವನಾದರಂತೂ, ಅದರಲ್ಲೂ ದಲಿತನಾದರೆ, ಮನೆಯವರ ಸಿಟ್ಟು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಹೇಳಲಾಗದು. 2022ರಲ್ಲಿ ನಮ್ಮದೇ ಪಿರಿಯಾಪಟ್ಟಣ ತಾಲ್ಲೂಕಿನ ಹದಿನೇಳರ ಹುಡುಗಿಯೊಬ್ಬಳ ಕೊಲೆಯಲ್ಲಿ ಅವಳ ತಂದೆಯೇ ಆರೋಪಿಯಾದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಅದನ್ನು ಓದಿಯೂ "ಏನೋ, ಹೆತ್ತವರ ಹೊಟ್ಟೆಯುರಿ" ಎಂದು ಮರುಗಿದವರಿದ್ದರು. ಆ ಮರುಕವನ್ನು ನಾನು ಇವತ್ತಿಗೂ ಕ್ಷಮಿಸಲಾರೆ.

ಇನ್ನು ಪೊಲೀಸ್ ಠಾಣೆ. ಹುಡುಗನಿಗೆ "ಬುದ್ಧಿ ಕಲಿಸಲು" ಪೋಕ್ಸೋ ಪ್ರಕರಣ ಹಾಕಿಸುವ ಮಾತು ಈಗ ಎಲ್ಲರ ಬಾಯಲ್ಲೂ ಸಲೀಸಾಗಿ ಬರುತ್ತದೆ. ಆದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸಲು ಬಂದ 2012ರ ಆ ಕಾಯ್ದೆ ಏನು ಹೇಳುತ್ತದೆ ಎಂಬುದು ಮಕ್ಕಳಿಗಿರಲಿ, ಪೋಷಕರಿಗೂ ತಿಳಿದಿಲ್ಲ. ಹದಿನೆಂಟರೊಳಗಿನವರ ಒಪ್ಪಿಗೆಯನ್ನು ಈ ಕಾಯ್ದೆ ಒಪ್ಪಿಗೆ ಎಂದು ಪರಿಗಣಿಸುವುದಿಲ್ಲ. ಲೈಂಗಿಕ ಸಂಪರ್ಕ ಸಾಬೀತಾದರೆ ಕನಿಷ್ಠ ಹತ್ತು ವರ್ಷ, ಹುಡುಗಿಗೆ ಹದಿನಾರು ತುಂಬಿರದಿದ್ದರೆ ಕನಿಷ್ಠ ಇಪ್ಪತ್ತು ವರ್ಷ ಸೆರೆಮನೆ. ದೂರು ಕೊಟ್ಟ ಮೇಲೆ ರಾಜಿ ಮಾಡಿಕೊಳ್ಳುತ್ತೇವೆಂದರೆ ಅದು ಪಂಚಾಯಿತಿಕಟ್ಟೆಯ ವ್ಯಾಜ್ಯದಂತೆ ಮುಗಿಯುವುದಿಲ್ಲ. ಹುಡುಗಿ ವೈದ್ಯಕೀಯ ಪರೀಕ್ಷೆ, ನ್ಯಾಯಾಧೀಶರೆದುರಿನ ಹೇಳಿಕೆ, ಎಷ್ಟೋ ಸಲ ಬಾಲಮಂದಿರದ ವಾಸ, ಇವೆಲ್ಲವನ್ನೂ ಹಾದು ಬರಬೇಕು. ಹದಿನಾರು ದಾಟಿದವರ ಪ್ರೇಮ ಪ್ರಕರಣಗಳನ್ನು ನೋಡಿದ ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಒಪ್ಪಿಗೆಯ ವಯಸ್ಸನ್ನು ಮರುಚಿಂತಿಸುವಂತೆ ಕಾನೂನು ಆಯೋಗಕ್ಕೆ ಸೂಚಿಸಿತ್ತು. ಆಯೋಗವು 2023ರ ವರದಿಯಲ್ಲಿ ವಯಸ್ಸನ್ನು ಇಳಿಸುವುದು ಬೇಡವೆಂದೂ, ಹದಿನಾರರಿಂದ ಹದಿನೆಂಟರವರ ಸಮ್ಮತಿಯ ಪ್ರಕರಣಗಳಲ್ಲಿ ಶಿಕ್ಷೆಯ ವಿಷಯವನ್ನು ನ್ಯಾಯಾಲಯದ ವಿವೇಚನೆಗೆ ಬಿಡಬಹುದೆಂದೂ ಹೇಳಿತು. ನಿಜವಾಗಿ ದೌರ್ಜನ್ಯವಾದಾಗ ಒಂದು ಕ್ಷಣವೂ ಹಿಂದೆಮುಂದೆ ನೋಡದೆ ಹಿಡಿಯಬೇಕಾದ ಕಾನೂನು ಇದು. ಜಾತಿ ಹೊಂದಲಿಲ್ಲವೆಂಬ ಸಿಟ್ಟು ತೀರಿಸಿಕೊಳ್ಳಲು ಇದನ್ನು ಬಳಸುವುದು ಅದಕ್ಕೆ ಮಾಡುವ ಅವಮಾನ.

ಇದನ್ನೆಲ್ಲ ನಾನು ಮಗನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದೇನೆ. ಅವನಿಗೆ ಮುಜುಗರವಾಯಿತು, ನನಗೂ ಆಯಿತು. ಆದರೂ ನಮ್ಮ ಮನೆಯ ನಿಯಮಗಳು ಇಬ್ಬರಿಗೂ ಒಂದೇ. ಯಾರೊಂದಿಗೆ ಹೋಗುತ್ತಿದ್ದೀರಿ ಎಂಬುದು ನಮಗೆ ಗೊತ್ತಿರಬೇಕು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸ್ನೇಹಿತರೊಡನೆ ನಡೆದಾಡಿದರೆ ತಕರಾರಿಲ್ಲ, ಯಾರದೋ ಖಾಲಿ ಮನೆ ಅಥವಾ ರೂಮಿಗೆ ಹೋಗುವುದು ಕೂಡದು. ತಮಗಿಂತ ನಾಲ್ಕೈದು ವರ್ಷ ದೊಡ್ಡವರು ವಿಶೇಷ ಆಸಕ್ತಿ ತೋರಿಸಿದರೆ, ದುಬಾರಿ ಉಡುಗೊರೆ ಕೊಟ್ಟರೆ, "ಮನೆಯಲ್ಲಿ ಹೇಳಬೇಡ" ಎಂದರೆ ಅಂದೇ ನಮಗೆ ತಿಳಿಸಬೇಕು. ಮೈ ತೋರಿಸುವ ಫೋಟೊ ಯಾರಿಗೂ ಕಳಿಸಬಾರದು, ಬಂದದ್ದನ್ನು ಇನ್ನೊಬ್ಬರಿಗೆ ದಾಟಿಸಲೂಬಾರದು, ಏಕೆಂದರೆ ಅಪ್ರಾಪ್ತರ ಅಶ್ಲೀಲ ಚಿತ್ರವನ್ನು ಫಾರ್ವರ್ಡ್ ಮಾಡಿದವರಿಗೂ ಮೊದಲ ತಪ್ಪಿಗೇ ಐದು ವರ್ಷದವರೆಗೆ ಶಿಕ್ಷೆಯಿದೆ. ಬೇಡವೆಂದವರ ಹಿಂದೆ ಬೀಳಬಾರದು. ಈ ಒಂದು ಮಾತನ್ನು ಮಗನಿಗೆ ಎರಡು ಸಲ ಹೇಳಿದೆ. ಇವುಗಳಲ್ಲಿ ಯಾವುದು ಮುರಿದರೂ ಶಿಕ್ಷೆಯುಂಟು. ಓದು ನಿಲ್ಲಿಸುವುದು ಮಾತ್ರ ಆ ಶಿಕ್ಷೆಗಳಲ್ಲಿ ಸೇರಿಲ್ಲ, ಸೇರುವುದೂ ಇಲ್ಲ ಎಂದು ಇಬ್ಬರಿಗೂ ಮಾತು ಕೊಟ್ಟಿದ್ದೇನೆ. ಯಾರ ಮೇಲಾದರೂ ಮನಸ್ಸಾದರೆ ಅದಕ್ಕೆ ಅವರು ನನ್ನ ಅನುಮತಿ ಕೇಳಬೇಕಿಲ್ಲ, ಅದು ನಾನು ಕೊಡುವ ವಸ್ತುವೂ ಅಲ್ಲ.

ಇಷ್ಟಾದರೂ ಫೋನಿನ ಪಾಸ್‌ವರ್ಡ್ ವಿಷಯದಲ್ಲಿ ನನಗೂ ನನ್ನ ಪತ್ನಿಗೂ ಒಮ್ಮತವಿಲ್ಲ. ಮಗಳ ಫೋನನ್ನು ಆಗಾಗ ತೆಗೆದು ನೋಡಲೇಬೇಕೆಂಬುದು ಅವರ ವಾದ. ನೋಡಿದರೆ ಎರಡನೇ ಖಾತೆ ತೆರೆಯುತ್ತಾಳೆ ಎಂಬುದು ನನ್ನದು. ಸದ್ಯಕ್ಕೆ, ಅವಳ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ರಾತ್ರಿ ಹತ್ತರ ನಂತರ ಮನೆಯ ಎಲ್ಲರ ಫೋನುಗಳೂ, ನಮ್ಮಿಬ್ಬರದೂ ಸೇರಿ, ಹಾಲ್‌ನಲ್ಲೇ ಚಾರ್ಜಿಗೆ ಇರಬೇಕು ಎಂಬಲ್ಲಿಗೆ ಒಪ್ಪಂದವಾಗಿದೆ. ಅದನ್ನು ಈಗ ಹೆಚ್ಚು ಮುರಿಯುತ್ತಿರುವವನು ನಾನೇ ಎಂದು ಮಗಳ ದೂರು.