ಟುವಾಲುಗೆ ಹೋಗಿ, ಆದರೆ "ಮುಳುಗುವ ಮುಂಚೆ" ಅಂತ ಹೋಗಬೇಡಿ

ಸಮುದ್ರ ಏರಿ ಮುಳುಗಿಹೋಗುತ್ತದೆ ಎಂದು ಸುದ್ದಿಯಾಗಿರುವ ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ಟುವಾಲು. ಅಲ್ಲಿಗೆ ಹೋಗಬೇಕು ಅನ್ನಿಸಿದರೆ ಖಂಡಿತ ಹೋಗಿ. ಆದರೆ "ಮುಳುಗಿಹೋಗೋಕೆ ಮುಂಚೆ ಒಂದ್ಸಲ ನೋಡ್ಕೊಂಡು ಬಂದ್ಬಿಡೋಣ" ಅನ್ನುವ ಮನಸ್ಸು ಇಟ್ಟುಕೊಂಡು ಹೋಗುವುದಾದರೆ ದಯವಿಟ್ಟು ಬೇಡ. ಇತ್ತೀಚೆಗೆ ನಮ್ಮ ಕನ್ನಡದ ಪ್ರವಾಸಿ ಗುಂಪುಗಳಲ್ಲೂ ಈ ಮಾತು ಕಾಣಿಸುತ್ತಿದೆ. ಕೆಳಗೆ ಸಾಲುಸಾಲು ಲೈಕು, "ಬಕೆಟ್ ಲಿಸ್ಟ್‌ಗೆ ಸೇರಿಸಿಕೊಂಡೆ" ಅನ್ನುವ ಕಾಮೆಂಟು. ಉಸಿರಾಡುತ್ತಿರುವವರ ಮನೆ ಮುಂದೆ ಚಟ್ಟ ಕಟ್ಟಿದ ಹಾಗೆ ಕೇಳಿಸುತ್ತದೆ ನನಗೆ ಅದು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಆಕ್ಲೆಂಡಿನಲ್ಲಿ ನೆಲೆಸಿರುವವಳು. ಈ ನಗರದ ಪಶ್ಚಿಮದ ಬಡಾವಣೆಗಳಲ್ಲಿ ಟುವಾಲುವಿನ ಕುಟುಂಬಗಳು ಬಹಳ ಇವೆ. ಅವರದೇ ಚರ್ಚುಗಳಿವೆ, ಹಬ್ಬ ಬಂತೆಂದರೆ ಒಟ್ಟಿಗೆ ಕೂತು ಹಾಡಿ ಫಾತೆಲೆ ಕುಣಿಯುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಗೆಳತಿಯೊಬ್ಬಳು ಅಲ್ಲಿನ ವೈಟುಪು ದ್ವೀಪದವಳು, ಅವಳ ಅಕ್ಕ ಇರುವುದು ರಾಜಧಾನಿ ಫುನಾಫುಟಿಯಲ್ಲಿ. ನಾನು ಹೋದದ್ದು ಪ್ರವಾಸಿಯಾಗಿಯೇ, ಇಳಿದುಕೊಂಡದ್ದು ಗೆಸ್ಟ್‌ಹೌಸಿನಲ್ಲಿ. ಆದರೆ ಊಟಕ್ಕೂ ಮಾತಿಗೂ ಒಂದು ಮನೆ ಇತ್ತು. ಹೊರಡುವ ಮುಂಚೆ ಗೆಳತಿ ಕೇಳಿಕೊಂಡದ್ದು ಒಂದೇ: "ನಮ್ಮ ಜನರ ಹತ್ತಿರ 'ನಿಮಗೆ ಭಯ ಆಗಲ್ವಾ' ಅಂತ ಕೇಳಬೇಡ. ಬಂದವರೆಲ್ಲ ಅದನ್ನೇ ಕೇಳ್ತಾರೆ."

ಆ ಮಾತು ನನಗೆ ತಕ್ಷಣ ಅರ್ಥವಾಯಿತು. ಹುಟ್ಟಿ ಬೆಳೆದದ್ದು ಉಳ್ಳಾಲದ ಕಡೆ. ಪ್ರತಿ ಮಳೆಗಾಲ ಕಡಲ್ಕೊರೆತ ಶುರುವಾಗುತ್ತಿದ್ದ ಹಾಗೆ ಕ್ಯಾಮೆರಾಗಳು ಬರುತ್ತವೆ, ಮಂತ್ರಿಗಳು ಬರುತ್ತಾರೆ, ಜೊತೆಗೆ ನೋಡುವುದಕ್ಕೆಂದೇ ಕಾರು ಮಾಡಿಕೊಂಡು ಜನ ಬರುತ್ತಾರೆ. ಒಬ್ಬರ ಅಡುಗೆಮನೆ ಅಲೆಗೆ ಸಿಕ್ಕಿ ಜಾರುತ್ತಿರುವಾಗ ತಡೆಗೋಡೆಯ ಬಂಡೆಗಳ ಮೇಲೆ ನಿಂತು ಫೋಟೋ ತೆಗೆಸಿಕೊಂಡವರನ್ನು ಕಣ್ಣಾರೆ ನೋಡಿದ್ದೇನೆ. ಆ ಮನೆಯವರ ಮುಖ ಇವತ್ತಿಗೂ ಮರೆತಿಲ್ಲ.

ಫಿಜಿಯ ಸುವಾದಿಂದ ಹೊರಡುವ ಎಟಿಆರ್ ಎಂಬ ಸಣ್ಣ ವಿಮಾನ ಎರಡೂವರೆ ಗಂಟೆಗಿಂತ ಹೆಚ್ಚು ಹೊತ್ತು ಬರೀ ನೀರಿನ ಮೇಲೆ ಹಾರುತ್ತದೆ. ಒಂಬತ್ತು ದ್ವೀಪಗಳ ಈ ದೇಶದ ಒಟ್ಟು ನೆಲ 26 ಚದರ ಕಿಲೋಮೀಟರ್, ಜನ ಹತ್ತು-ಹನ್ನೊಂದು ಸಾವಿರ. ಅರ್ಧಕ್ಕಿಂತ ಹೆಚ್ಚು ಮಂದಿ ಫುನಾಫುಟಿಯಲ್ಲೇ, ಅದರಲ್ಲೂ ಫೊಂಗಾಫಾಲೆ ಎಂಬ ಉದ್ದನೆಯ ಪಟ್ಟಿಯ ಮೇಲೆ ಇದ್ದಾರೆ. ಕೆಲವು ಕಡೆ ಆ ಪಟ್ಟಿ ಎಷ್ಟು ಕಿರಿದೆಂದರೆ ರಸ್ತೆಯ ಎಡಕ್ಕೆ ಮಹಾಸಾಗರ, ಬಲಕ್ಕೆ ಹವಳದ ದಿಬ್ಬಗಳು ಸುತ್ತುವರಿದ ತಿಳಿನೀರಿನ ಲಗೂನು, ನಡುವೆ ನೀವು, ಅಷ್ಟೇ. ವಿಮಾನ ಬರುವ ಮುಂಚೆ ಸೈರನ್ ಕೂಗುತ್ತದೆ. ರನ್‌ವೇ ಮೇಲಿದ್ದವರು, ಅಡ್ಡಾಡುತ್ತಿದ್ದ ಬೈಕುಗಳು, ನಾಯಿಗಳು ಎಲ್ಲ ಸರಿಯಬೇಕು. ವಿಮಾನ ಹೋದ ಮೇಲೆ ಆ ಜಾಗ ಮತ್ತೆ ಊರಿನದು. ಸಂಜೆಯಾದರೆ ಒಂದು ತುದಿಯಲ್ಲಿ ರಗ್ಬಿ, ಇನ್ನೊಂದೆಡೆ ವಾಲಿಬಾಲ್, ನಡುವೆ ಮಕ್ಕಳ ಸೈಕಲ್ಲು. ಸೆಕೆ ಹೆಚ್ಚಾದ ರಾತ್ರಿ ಮನೆಮಂದಿಯೆಲ್ಲ ಚಾಪೆ ತಂದು ಅಲ್ಲೇ ಮಲಗುವುದೂ ಉಂಟು. ರಾಜಧಾನಿಯಲ್ಲಿ ಇಷ್ಟು ಅಗಲದ ಬಯಲು ಅದೊಂದೇ.

ಆ ರನ್‌ವೇಯ ಕಥೆ ಗೊತ್ತಿದ್ದರೆ ಟುವಾಲುಗೆ ಕಾಲಿಡುವ ಯಾವ ಪ್ರವಾಸಿಯೂ ಸ್ವಲ್ಪ ಮೆಲ್ಲಗೆ ಹೆಜ್ಜೆ ಇಡುತ್ತಾನೆ. 1942ರ ಅಕ್ಟೋಬರಿನಲ್ಲಿ ಅಮೆರಿಕದ ಸೈನ್ಯ ಬಂದಿಳಿಯಿತು. ಜಪಾನಿನ ಮೇಲೆ ಯುದ್ಧ ಮಾಡಲು ವಿಮಾನ ನಿಲ್ದಾಣ ಬೇಕಿತ್ತು. ಊರಿನ ಒಳ್ಳೆಯ ಜಾಗದಲ್ಲೇ ತೆಂಗಿನ ಮರ ಕಡಿದು, ದ್ವೀಪದ ಬೇರೆ ಬೇರೆ ಕಡೆ ನೆಲ ಅಗೆದು, ಹವಳದ ಕಲ್ಲು ತೆಗೆದು ಸುರಿದು ಮಟ್ಟಸ ಮಾಡಿದರು. ಯುದ್ಧ ಮುಗಿಯಿತು, ಸೈನ್ಯ ಹೋಯಿತು, ಅಗೆದ ಗುಂಡಿಗಳು ಉಳಿದವು. ಒಳಗೆ ಉಪ್ಪುನೀರು ನಿಂತಿತು, ಕಸ ತುಂಬಿತು. ಜಾಗವಿಲ್ಲದ ಬಡವರು ಆ ಗುಂಡಿಗಳ ಅಂಚಿಗೇ, ಕೆಲವರು ನೀರಿನ ಮೇಲೆ ಕಂಬ ನೆಟ್ಟು, ಮನೆ ಕಟ್ಟಿಕೊಂಡು ಬದುಕಿದರು. ನ್ಯೂಜಿಲೆಂಡಿನ ಹಣದಲ್ಲಿ ಲಗೂನಿನ ಮರಳು ಸುರಿದು ಆ ಗುಂಡಿಗಳನ್ನು ಮುಚ್ಚಿದ್ದು 2015ರ ಹೊತ್ತಿಗೆ. ಎಪ್ಪತ್ತು ವರ್ಷ!

ಹೊರಗಿನಿಂದ ಬಂದವರ ಪಟ್ಟಿ ಅಲ್ಲಿಂದ ಶುರುವಾಗುವುದಿಲ್ಲ. 1863ರಲ್ಲಿ ಪೆರುವಿನ ಗುಲಾಮರ ಹಡಗುಗಳು ಬಂದು ನುಕುಲೇಲೇ ದ್ವೀಪದಿಂದ ಇನ್ನೂರಕ್ಕೂ ಹೆಚ್ಚು ಜನರನ್ನು ಹೊತ್ತೊಯ್ದವು. ದ್ವೀಪದ ಬಹುಪಾಲು ಜನ ಒಂದೇ ಏಟಿಗೆ ಇಲ್ಲವಾದರು, ಹೋದವರಲ್ಲಿ ಬಹುತೇಕ ಯಾರೂ ಮರಳಲಿಲ್ಲ. 1896ರಿಂದ 1898ರವರೆಗೆ ಲಂಡನ್ನಿನ ರಾಯಲ್ ಸೊಸೈಟಿಯ ವಿಜ್ಞಾನಿಗಳು ಬಂದರು. ಮುಳುಗುತ್ತಾ ಹೋಗುವ ಜ್ವಾಲಾಮುಖಿಯ ಸುತ್ತ ಹವಳ ಬೆಳೆದೇ ಇಂಥ ದ್ವೀಪಗಳಾಗುತ್ತವೆ ಎಂದು ಡಾರ್ವಿನ್ ಹೇಳಿದ್ದು ನಿಜವೋ ಸುಳ್ಳೋ ನೋಡಲು ಫುನಾಫುಟಿಯ ನೆಲ ಕೊರೆದರು. ಸುಮಾರು 340 ಮೀಟರ್ ಇಳಿದರೂ ಜ್ವಾಲಾಮುಖಿಯ ಬಂಡೆ ಸಿಗಲಿಲ್ಲ, ಹವಳವೇ ಹವಳ. ಆ ಜಾಗ ಈಗಲೂ ಇದೆ.

ಒಳ್ಳೆಯ ಅತಿಥಿಯೂ ಒಬ್ಬ ಇದ್ದ. 1943ರ ಏಪ್ರಿಲಿನಲ್ಲಿ ಜಪಾನಿನ ವಿಮಾನಗಳು ಬಾಂಬು ಹಾಕಲು ಬಂದ ರಾತ್ರಿ ಆರುನೂರೆಂಬತ್ತು ಜನ ಚರ್ಚಿನ ಗೋಡೆ ಗಟ್ಟಿ ಎಂದು ನಂಬಿ ಒಳಗೆ ಕೂತಿದ್ದರು. ಲ್ಯಾಡ್ ಎಂಬ ಅಮೆರಿಕನ್ ಕಾರ್ಪೊರಲ್ ಹಟ ಹಿಡಿದು ಅವರನ್ನೆಲ್ಲ ಹೊರಗೆಬ್ಬಿಸಿ ನೆಲದ ಗುಂಡಿಗಳಿಗೆ ಕಳಿಸಿದ. ಸ್ವಲ್ಪ ಹೊತ್ತಿಗೆ ಬಾಂಬು ಬಿದ್ದದ್ದು ಚರ್ಚಿನ ಮೇಲೆಯೇ. ಗೆಳತಿಯ ಅಕ್ಕ ಈ ಕಥೆಯನ್ನು ಹೇಳುವಾಗ ಆತ ಪಕ್ಕದ ಮನೆಯ ಹುಡುಗನೇನೋ ಅನ್ನುವ ಸಲಿಗೆ ಇತ್ತು ದನಿಯಲ್ಲಿ.

ಈ ಸಾಲಿನಲ್ಲಿ ಮುಂದಿನವರು ನಾವು. ಪ್ರವಾಸಿಗಳು, ಯೂಟ್ಯೂಬಿನವರು, ವರದಿಗಾರರು. ನಮ್ಮಲ್ಲಿ ಬಹಳ ಮಂದಿ ಬರುವುದು ಒಂದೇ ಚಿತ್ರ ತಲೆಯಲ್ಲಿಟ್ಟುಕೊಂಡು: 2021ರಲ್ಲಿ ಅಲ್ಲಿನ ಮಂತ್ರಿ ಸೈಮನ್ ಕೋಫೆ ಸೂಟು ತೊಟ್ಟು ಮೊಣಕಾಲುದ್ದ ಸಮುದ್ರದ ನೀರಿನಲ್ಲಿ ನಿಂತು ಗ್ಲಾಸ್ಗೋ ಹವಾಮಾನ ಸಮ್ಮೇಳನಕ್ಕೆ ಭಾಷಣ ಕಳಿಸಿದ ಚಿತ್ರ. ಅದು ಜಗತ್ತನ್ನು ಎಚ್ಚರಿಸಲು ಒಂದು ದೇಶ ತಾನೇ ಆಯ್ದುಕೊಂಡ ದಾರಿ. ಅದೇ ಜಾಗ ಹುಡುಕಿಕೊಂಡು ಹೋಗಿ, ಅದೇ ಥರ ನಿಂತು ರೀಲು ಮಾಡುವುದು ಬೇರೆ. ದಯವಿಟ್ಟು ಮಾಡಬೇಡಿ.

ಮುಳುಗುವುದು ಎಂದರೆ ನಮ್ಮ ಮನಸ್ಸಿಗೆ ಬರುವುದು ದಡ ಸವೆದು ಸವೆದು ನೆಲವೇ ಮಾಯವಾಗುವ ದೃಶ್ಯ. ಅಲ್ಲಿ ನಡೆಯುತ್ತಿರುವುದು ಅದಕ್ಕಿಂತ ಜಟಿಲ. ಆಕ್ಲೆಂಡ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟುವಾಲುವಿನ 101 ಸಣ್ಣ-ದೊಡ್ಡ ದ್ವೀಪಗಳ ಹಳೆಯ ಚಿತ್ರಗಳನ್ನು ಹೊಸವುಗಳ ಜೊತೆ ಇಟ್ಟು ಅಳೆದಾಗ, 1971ರಿಂದ 2014ರ ನಡುವೆ ಒಟ್ಟು ನೆಲ ಶೇಕಡಾ 2.9ರಷ್ಟು ಹೆಚ್ಚಾಗಿತ್ತು. ಅಲೆಗಳು ಒಂದು ಕಡೆ ತಿಂದು, ಇನ್ನೊಂದು ಕಡೆ ಹವಳದ ಚೂರು ತಂದು ಗುಡ್ಡೆ ಹಾಕುತ್ತವೆ. ಇದನ್ನು ಹಿಡಿದುಕೊಂಡು "ನೋಡಿ, ಹವಾಮಾನ ಬದಲಾವಣೆ ಎಲ್ಲ ಸುಳ್ಳು" ಎನ್ನುವವರೂ ಇದ್ದಾರೆ. ಅವರ ಮಾತು ತಪ್ಪು. ನಾಸಾ ಲೆಕ್ಕದ ಪ್ರಕಾರ ಅಲ್ಲಿ ಮೂವತ್ತು ವರ್ಷಗಳಲ್ಲಿ ಸಮುದ್ರ ಸುಮಾರು 15 ಸೆಂಟಿಮೀಟರ್ ಏರಿದೆ. ನೆಲವೆಂದರೆ ತೂತುತೂತಾದ ಹವಳ. ದೊಡ್ಡ ಉಬ್ಬರ ಬಂದಾಗ ನೀರು ದಡ ದಾಟಿ ಬರಬೇಕೆಂದಿಲ್ಲ, ಅಂಗಳದ ನಡುವಿನಿಂದಲೇ ಗುಳುಗುಳು ಎಂದು ಉಕ್ಕುತ್ತದೆ. ನೆಲ ಅಷ್ಟೇ ಇದ್ದರೂ ಉಪ್ಪು ಏರಿದ ಕಡೆ ಬೆಳೆ ಬರುವುದು ಕಷ್ಟ.

ಪುಲಕ ಅಂತ ಅಲ್ಲಿಯದೊಂದು ಗೆಡ್ಡೆ ಇದೆ, ನಮ್ಮ ಕೆಸುವಿನ ಬಳಗದ್ದೇ, ಎಲೆ ಮಾತ್ರ ಆಳೆತ್ತರ. ಹವಳದ ನೆಲದಲ್ಲಿ ಆಳವಾಗಿ ಹೊಂಡ ತೋಡಿ, ಕೆಳಗಿನ ಸಿಹಿನೀರಿನ ಪದರ ಸಿಕ್ಕುವ ಮಟ್ಟದಲ್ಲಿ, ತಲೆತಲಾಂತರದಿಂದ ಎಲೆಗೊಬ್ಬರ ಹಾಕಿ ಮಣ್ಣನ್ನೇ ತಯಾರಿಸಿ ಬೆಳೆದ ಬೆಳೆ. ಆ ಹೊಂಡಗಳಿಗೆ ಈಗ ಉಪ್ಪು ಏರುತ್ತಿದೆ. ಗೆಳತಿಯ ಅಕ್ಕ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ ಹೊಂಡದಲ್ಲಿ ಅರ್ಧ ಗಿಡಗಳು ಹಳದಿಯಾಗಿದ್ದವು. ಅವಳು ಉಳಿದರ್ಧದ ಬಗ್ಗೆಯೇ ಮಾತಾಡಿದಳು: ಯಾವ ತಳಿ ಉಪ್ಪು ತಡೆಯುತ್ತದೆ, ಯಾರ ಮನೆಯಿಂದ ಸಸಿ ತಂದದ್ದು, ಹಬ್ಬಕ್ಕೆ ಯಾವುದನ್ನು ಕೀಳಬೇಕು. ನನಗೆ ಟುವಾಲು ಹಿಡಿಸಿದ್ದು ಅಲ್ಲಿ.

ತೆಂಗಿನ ಹೂಗೊಂಚಲಿನಿಂದ ಇಳಿಸುವ ಕಲೆವೆ ಕುಡಿಯಲೇಬೇಕು. ಅದನ್ನು ಕಾಯಿಸಿ ಕಮಾಯ್‌ಮಾಯ್ ಎಂಬ ದಪ್ಪನೆಯ ಪಾಕ ಮಾಡುತ್ತಾರೆ, ಕರಾವಳಿಯವರಿಗೆ ಜೋನಿ ಬೆಲ್ಲ ನೆನಪಾಗದೆ ಇರುವುದಿಲ್ಲ.

ನೀರಿನ ವಿಷಯವನ್ನು ಮಾತ್ರ ಒತ್ತಿ ಹೇಳುತ್ತೇನೆ. ಅಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಮಾಡಿನ ಮೇಲೆ ಬಿದ್ದ ಮಳೆ ಟ್ಯಾಂಕಿಗೆ ಇಳಿಯುತ್ತದೆ, ಅದೇ ಕುಡಿಯುವ ನೀರು, ಅದೇ ಸ್ನಾನಕ್ಕೆ. 2011ರಲ್ಲಿ ಮಳೆ ಕೈಕೊಟ್ಟು ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ಫುನಾಫುಟಿಯಲ್ಲಿ ಒಂದು ಮನೆಗೆ ದಿನಕ್ಕೆ ನಲವತ್ತು ಲೀಟರ್, ಎಂದರೆ ಎರಡು ಬಕೆಟ್ ನೀರು. ಬಯಲುಸೀಮೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೆಸ್ಟ್‌ಹೌಸಿನಲ್ಲಿ ಶವರ್ ಇದೆ ಎಂದು ಹತ್ತು ನಿಮಿಷ ನಿಲ್ಲಬೇಡಿ. ನೀವು ತಂದ ಪ್ಲಾಸ್ಟಿಕ್ಕನ್ನು ಚೀಲದಲ್ಲೇ ವಾಪಸು ಒಯ್ಯಿರಿ, ಏಕೆಂದರೆ ಅಲ್ಲಿ ಬಿಟ್ಟದ್ದು ಹೋಗುವುದು ಫೊಂಗಾಫಾಲೆಯ ಉತ್ತರ ತುದಿಯ ಕಸದ ರಾಶಿಗೆ, ಅದರ ಎರಡೂ ಬದಿಗೆ ನೀರು.

"ನಾವು ಹೋದರೆ ಅವರಿಗೂ ನಾಲ್ಕು ಕಾಸು ಆಗುತ್ತಲ್ಲ" ಎನ್ನುವವರಿದ್ದಾರೆ. ಟುವಾಲು ವಿಷಯದಲ್ಲಿ ಈ ಸಮಾಧಾನ ನಡೆಯುವುದಿಲ್ಲ. ವರ್ಷಕ್ಕೆ ಕೆಲವೇ ಸಾವಿರ ಜನ ಬಂದುಹೋಗುವ ದೇಶ ಅದು; ಪ್ರವಾಸೋದ್ಯಮ ಅದರ ಬದುಕಲ್ಲ. ಸರ್ಕಾರದ ದೊಡ್ಡ ಆದಾಯ ಬರುವುದು ಸಮುದ್ರದಿಂದ. ಏಳು ಲಕ್ಷ ಚದರ ಕಿಲೋಮೀಟರಿಗೂ ಮಿಗಿಲಾದ ಅದರ ಜಲಪ್ರದೇಶದಲ್ಲಿ ಟ್ಯೂನಾ ಹಿಡಿಯಲು ಹೊರದೇಶದ ಹಡಗುಗಳು ದಿನದ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕು, ಪೆಸಿಫಿಕ್‌ನ ಪುಟ್ಟ ದೇಶಗಳು ಒಟ್ಟಾಗಿ ನಿಂತು ಮಾಡಿಕೊಂಡ ವ್ಯವಸ್ಥೆ ಇದು. ಆಮೇಲೆ ಡಾಟ್ ಟಿವಿ ಎಂದು ಕೊನೆಯಾಗುವ ಇಂಟರ್ನೆಟ್ ವಿಳಾಸಗಳ ಹಕ್ಕು ಅವರದು, ಅದರ ಬಾಡಿಗೆ ಬರುತ್ತದೆ. ಆ ಹಣ ಕೈಗೆ ಬಂದ ಮೇಲೆಯೇ 2000ದಲ್ಲಿ ವಿಶ್ವಸಂಸ್ಥೆಯ 189ನೆಯ ಸದಸ್ಯರಾದರು. 1987ರಿಂದ, ಹಣ ಹೂಡಿಟ್ಟು ಆದಾಯ ಪಡೆಯುವ ಒಂದು ಟ್ರಸ್ಟ್ ಫಂಡ್ ಕೂಡ ಇದೆ. ಇಷ್ಟು ಜಾಣತನದಿಂದ ಮನೆ ನಡೆಸುತ್ತಿರುವವರ ಹತ್ತಿರ ನಾವು ಉಪಕಾರ ಮಾಡಲು ಬಂದವರ ಮುಖ ಹೊತ್ತು ಹೋಗುವುದು ಸರಿಯಲ್ಲ. ಅವರಿಗೆ ನಮ್ಮ ಅಗತ್ಯವಿಲ್ಲ. ಆದರೂ ಬರಮಾಡಿಕೊಳ್ಳುತ್ತಾರೆ.

ದೇಶ ಎಣಿಸುವವರ ಬಗ್ಗೆಯೂ ನನಗೆ ಸಿಟ್ಟಿದೆ. ವಾರದಲ್ಲಿ ಬರುವುದೇ ಕೆಲವು ವಿಮಾನ. ಒಂದರಲ್ಲಿ ಇಳಿದು, ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿ, ಮುಂದಿನದರಲ್ಲಿ ಹಾರಿ "ನೂರಾ ತೊಂಬತ್ತಮೂರು ದೇಶಗಳಲ್ಲಿ ಇದೂ ಆಯ್ತು" ಎನ್ನುವವರು. ಸಮುದ್ರ ಏರುತ್ತಿರುವುದಕ್ಕೆ ಕಾರಣವಾದ ಹೊಗೆಯನ್ನೇ ಉಗುಳುತ್ತಾ ಇಷ್ಟು ದೂರ ಹೋಗುತ್ತೇವೆ. ಅಂಥ ಪ್ರಯಾಣಕ್ಕೆ ಒಂದಷ್ಟಾದರೂ ಅರ್ಥ ಬರಬೇಕಾದರೆ ಅಲ್ಲಿ ನಿಲ್ಲಬೇಕು. ಭಾನುವಾರ ಚರ್ಚಿನ ಹಾಡು ಕೇಳಬೇಕು. ದೋಣಿ ಮಾಡಿಕೊಂಡು ಪಶ್ಚಿಮದ ಸಂರಕ್ಷಿತ ಪ್ರದೇಶದ ಆರು ಪುಟ್ಟ ದ್ವೀಪಗಳಿಗೆ ಹೋಗಿಬರಬೇಕು. 1996ರಿಂದ ಅಲ್ಲಿ 33 ಚದರ ಕಿಲೋಮೀಟರಿನಷ್ಟು ಜಾಗದಲ್ಲಿ ಮೀನು ಹಿಡಿಯುವಂತಿಲ್ಲ. ಮೀನೇ ಊಟವಾಗಿರುವ ಜನ ತಾವಾಗಿ ಒಪ್ಪಿ ಬಿಟ್ಟುಕೊಟ್ಟ ಜಾಗ ಅದು.

ಲಗೂನಿನ ದಡದಲ್ಲಿ ಹೊಸದಾಗಿ ಎತ್ತರಿಸಿದ ನೆಲವನ್ನೂ ನೋಡಿ. ಸಮುದ್ರದಿಂದ ಮರಳು ತೆಗೆದು ಏಳು ಹೆಕ್ಟೇರಿನಷ್ಟು ಹೊಸ ಜಾಗ ಮಾಡಿದ್ದಾರೆ, 2023ರ ಕೊನೆಗೆ ಮುಗಿದ ಕೆಲಸ. ಅದೇ ವರ್ಷ ಸಂವಿಧಾನ ತಿದ್ದಿ, ನೆಲ ಹೋದರೂ ಟುವಾಲು ಎಂಬ ದೇಶ ಶಾಶ್ವತ ಎಂದು ಬರೆದುಕೊಂಡರು. ಆಸ್ಟ್ರೇಲಿಯಾ ಜೊತೆ ಫಲೆಪಿಲಿ ಒಪ್ಪಂದಕ್ಕೆ ಸಹಿ ಹಾಕಿದ್ದೂ ಆಗಲೇ. ವರ್ಷಕ್ಕೆ 280 ಮಂದಿ ಅಲ್ಲಿ ಹೋಗಿ ನೆಲೆಸಬಹುದು. 2025ರಲ್ಲಿ ಅವರನ್ನು ಆರಿಸುವ ಮೊದಲ ಲಾಟರಿಗೆ ಕುಟುಂಬದವರೂ ಸೇರಿ ಎಂಟು ಸಾವಿರಕ್ಕೂ ಹೆಚ್ಚು ಹೆಸರು ಬಂದಾಗ ಪತ್ರಿಕೆಗಳೆಲ್ಲ "ಇಡೀ ದೇಶವೇ ಓಡುತ್ತಿದೆ" ಎಂದು ಬರೆದವು. ನನ್ನ ಗೆಳತಿಯ ಮನೆಯವರ ಹೆಸರೂ ಅದರಲ್ಲಿತ್ತು. ಈ ಒಪ್ಪಂದದಲ್ಲಿ ಹೋದವರು ಬೇಕೆಂದಾಗ ಊರಿಗೆ ಮರಳಿ, ಮತ್ತೆ ಹೋಗಬಹುದು. ಮಗನ ಓದಿಗೆ ಒಂದು ದಾರಿ ತೆರೆದಿಟ್ಟುಕೊಂಡು ಹೊಂಡದಲ್ಲಿ ಪುಲಕದ ಹೊಸ ಸಸಿ ನೆಡುವವರನ್ನು ಓಡಿಹೋಗುವವರು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಉಡುಪಿ, ಮಂಗಳೂರಿನಿಂದ ಮುಂಬೈಗೆ, ಗಲ್ಫಿಗೆ ಹೋದ ನಮ್ಮ ಮನೆಗಳ ಹುಡುಗರನ್ನು ಯಾರೂ ಹಾಗೆ ಕರೆಯಲಿಲ್ಲ.

ಹೋಗುವವರಿಗೆ ಕೊನೆಯದಾಗಿ ಕೆಲವು ವಿಷಯ. ಆಸ್ಟ್ರೇಲಿಯನ್ ಡಾಲರ್ ನಗದು ಇಟ್ಟುಕೊಳ್ಳಿ. ಮೊದಲ ಎಟಿಎಂ ಬಂದದ್ದೇ 2025ರಲ್ಲಿ. ಅಂಗಡಿಯಲ್ಲಿ ಸಾಮಾನು ಇರುವುದು, ಇಲ್ಲದಿರುವುದು ಹಡಗು ಬಂದದ್ದರ ಮೇಲೆ, ಅದಕ್ಕೆ ಗೊಣಗಬೇಡಿ. ಊರೊಳಗೆ ಈಜುಡುಗೆಯಲ್ಲಿ ತಿರುಗಬೇಡಿ. ಮನೆಗಳ ಮುಂದೆ ಅಲಂಕರಿಸಿದ ಸಮಾಧಿಗಳಿರುತ್ತವೆ, ಅವು ಅವರ ಅಜ್ಜ-ಅಜ್ಜಿಯರು, ಫೋಟೋ ಬೇಕಾದರೆ ಮನೆಯವರನ್ನು ಕೇಳಿ. ಫೆಬ್ರವರಿ, ಮಾರ್ಚಿನ ಹೊತ್ತಿಗೆ ವರ್ಷದ ಅತಿ ದೊಡ್ಡ ಉಬ್ಬರಗಳು ಬರುತ್ತವೆ. ಒಳ್ಳೆಯ ದೃಶ್ಯ ಸಿಗುತ್ತದೆ ಎಂದು ಆ ತಿಂಗಳಿಗೇ ಟಿಕೆಟ್ ಮಾಡಬೇಡಿ. ಆಗ ಅವರು ಮನೆಯೊಳಗಿನ ನೀರು ಎತ್ತಿ ಹೊರಗೆ ಹಾಕುತ್ತಿರುತ್ತಾರೆ. ಅಕಸ್ಮಾತ್ ಆ ಹೊತ್ತಿನಲ್ಲೇ ಅಲ್ಲಿದ್ದರೆ ಫೋನು ಒಳಗಿಡಿ, ಬಕೆಟ್ ಹಿಡಿಯಿರಿ.